ಬಾರ್‌ಕೋಡ್ ಬಂದರೂ ರಿಜಿಸ್ಟರ್ ಏಕೆ ಹೋಗುವುದಿಲ್ಲ? ಗ್ರಂಥಪಾಲಕರು ಮತ್ತು ಹೊಸ ವ್ಯವಸ್ಥೆಗಳು

ಪದವಿ ಕಾಲೇಜುಗಳ ಗ್ರಂಥಾಲಯಗಳಲ್ಲಿ ಮೇಲಿಂದ ಮೇಲೆ ಕಾಣುವ ನೋಟವೊಂದಿದೆ. ಇಶ್ಯೂ ಕೌಂಟರಿನ ಮೇಲೆ ಕಂಪ್ಯೂಟರ್, ಬಾರ್‌ಕೋಡ್ ಸ್ಕ್ಯಾನರ್, ಅದಕ್ಕೆ ಒತ್ತಿಕೊಂಡಂತೆ ಉದ್ದನೆಯ ರಿಜಿಸ್ಟರ್. ವಿದ್ಯಾರ್ಥಿ ಪುಸ್ತಕ ತಂದರೆ ಮೊದಲು ಸ್ಕ್ಯಾನ್ ಮಾಡುತ್ತಾರೆ, ಆಮೇಲೆ ರಿಜಿಸ್ಟರಿನಲ್ಲಿ ಅದನ್ನೇ ಮತ್ತೆ ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ನೋಡಿದವರು ‘ಇವರು ಹಳೆಯದನ್ನು ಬಿಡುವವರಲ್ಲ’ ಎಂದು ತೀರ್ಮಾನಿಸಿ ಮುಂದೆ ಹೋಗುತ್ತಾರೆ.

ಆ ತೀರ್ಮಾನ ತಪ್ಪು. ಆ ರಿಜಿಸ್ಟರ್ ಯಾಕೆ ಅಲ್ಲಿದೆ ಎಂದು ವಿಚಾರಿಸಿದರೆ ಬಹಳ ಸಲ ಸಿಗುವ ಉತ್ತರ ಸರಳ: ಪುಸ್ತಕ ಕಳೆದರೆ ಆಡಿಟ್‌ನವರ ಮುಂದೆ ತೋರಿಸಲು ಸಹಿ ಬೇಕು, ಕಂಪ್ಯೂಟರಿನಲ್ಲಿ ಸಹಿ ಇಲ್ಲ. ಗ್ರಂಥಪಾಲಕರು ಹೊಸತನ್ನು ಎಷ್ಟು ಒಪ್ಪುತ್ತಾರೆ ಎಂಬುದನ್ನು ಅವರ ವಯಸ್ಸಿನಲ್ಲೋ ಸ್ವಭಾವದಲ್ಲೋ ಹುಡುಕುವವರಿಗೆ ಈ ಉತ್ತರ ಸಿಗುವುದಿಲ್ಲ. ಹುಡುಕಬೇಕಾದದ್ದು ಮೂರು ಕಡೆ. ಕೆಟ್ಟರೆ ಹೊಣೆ ಯಾರದು? ಸಣ್ಣದಾಗಿ ಮಾಡಿ ನೋಡಲು ಜಾಗ ಇದೆಯೇ? ಬದಲಾವಣೆಯ ಕಾಲದ ಇಮ್ಮಡಿ ಕೆಲಸವನ್ನು ಯಾರು ಹೊರುತ್ತಾರೆ?

ಹೊಣೆಯ ಲೆಕ್ಕ

ಕಪಾಟಿನ ಬಳಿಗೆ ಹೋಗಿ ಓದುಗರೇ ಪುಸ್ತಕ ತೆಗೆದುಕೊಳ್ಳುವುದು ಇಂದು ಸಹಜವೆನಿಸುತ್ತದೆ. ಒಂದು ಕಾಲಕ್ಕೆ ಅದೇ ದೊಡ್ಡ ಹೊಸತನವಾಗಿತ್ತು. ಲಂಡನ್ನಿನ ಕ್ಲರ್ಕನ್‌ವೆಲ್ ಸಾರ್ವಜನಿಕ ಗ್ರಂಥಾಲಯದಲ್ಲಿ ಜೇಮ್ಸ್ ಡಫ್ ಬ್ರೌನ್ 1894ರಲ್ಲಿ ತೆರೆದ ಕಪಾಟಿನ ಪದ್ಧತಿ ತಂದಾಗ ಅದನ್ನು ಕಟುವಾಗಿ ವಿರೋಧಿಸಿದವರಲ್ಲಿ ಗ್ರಂಥಪಾಲಕರೇ ಮುಂದಿದ್ದರು. ಅಲ್ಲಿಯವರೆಗೆ ಓದುಗರು ಕೌಂಟರಿನ ಈಚೆ ನಿಂತು, ಯಾವ ಪುಸ್ತಕ ಒಳಗಿದೆ ಯಾವುದು ಹೊರಗೆ ಹೋಗಿದೆ ಎಂದು ತೋರಿಸುವ ಸಂಖ್ಯೆಗಳ ಫಲಕ ನೋಡಿ ಕೇಳಬೇಕಿತ್ತು. ವಿರೋಧಕ್ಕೆ ಕೊಟ್ಟ ಕಾರಣಗಳಲ್ಲಿ ಮೊದಲನೆಯದು ಕಳವು, ಎರಡನೆಯದು ಪುಸ್ತಕಗಳು ಸ್ಥಾನಪಲ್ಲಟವಾಗುತ್ತವೆ ಎಂಬುದು. ಎರಡೂ ಸುಳ್ಳಲ್ಲ. ತೆರೆದ ಕಪಾಟಿನಲ್ಲಿ ಒಂದಿಷ್ಟು ಪುಸ್ತಕ ಹೋಗಿಯೇ ಹೋಗುತ್ತವೆ. ಕೇಳಬೇಕಾದ ಪ್ರಶ್ನೆ ಬೇರೆ: ಎಷ್ಟು ಹೋದರೆ ಅದನ್ನು ಬಳಕೆಯ ಖರ್ಚು ಎಂದು ಒಪ್ಪಬಹುದು, ಎಷ್ಟಾದರೆ ಅದು ತಪ್ಪು?

ಭಾರತ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಇದಕ್ಕೆ ಉತ್ತರವಿದೆ. 2017ರ ಆವೃತ್ತಿಯ 215ನೇ ನಿಯಮದ ಪ್ರಕಾರ, ವರ್ಷದಲ್ಲಿ ಎರವಲು ಕೊಟ್ಟ ಅಥವಾ ಓದಲು ಬಳಸಿದ ಪ್ರತಿ 1000 ಸಂಪುಟಕ್ಕೆ 5 ಸಂಪುಟ ಕಳೆದುಹೋದರೆ ಅದು ಸಹಜ ನಷ್ಟ. ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇರಬಾರದು ಅಷ್ಟೆ. 1000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ, ಬೆಲೆ ಎಷ್ಟೇ ಇರಲಿ ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಸ್ಟಾಕ್ ವೆರಿಫಿಕೇಶನ್‌ಗೂ ಅಲ್ಲಿ ಅಳತೆ ಇದೆ: 20,000 ಸಂಪುಟಗಳವರೆಗೆ ಪ್ರತಿ ವರ್ಷ ಪೂರ್ತಿ ಎಣಿಕೆ, 50,000ದವರೆಗೆ ಮೂರು ವರ್ಷಕ್ಕೊಮ್ಮೆಯಾದರೂ, ಅದಕ್ಕೂ ಮೇಲ್ಪಟ್ಟರೆ ಮೂರು ವರ್ಷದೊಳಗೊಮ್ಮೆ ಮಾದರಿ ಎಣಿಕೆ.

ಈ ನಿಯಮ ನೇರವಾಗಿ ಅನ್ವಯಿಸುವುದು ಕೇಂದ್ರ ಸರ್ಕಾರದ ಕಚೇರಿ, ಸಂಸ್ಥೆಗಳಿಗೆ. ಖಾಸಗಿ ಕಾಲೇಜೊಂದರ ಆಡಳಿತ ಮಂಡಳಿ ಇದನ್ನು ಒಪ್ಪಲೇಬೇಕೆಂದಿಲ್ಲ. ನಷ್ಟಕ್ಕೆ ಲಿಖಿತ ಮಿತಿಯೇ ಇಲ್ಲದ ಕಡೆ ಕಳೆದ ಪ್ರತಿ ಪುಸ್ತಕವೂ ಗ್ರಂಥಪಾಲಕರ ಹೆಸರಿಗೆ ನಿಲ್ಲುತ್ತದೆ, ನಿವೃತ್ತಿಯ ಹೊತ್ತಿಗೆ ಚಾರ್ಜ್ ಒಪ್ಪಿಸುವಾಗ ಲೆಕ್ಕಕ್ಕೆ ಬರುತ್ತದೆ. ಅಂಥವರಿಗೆ ‘ಸ್ವಯಂ-ಎರವಲು ಯಂತ್ರ ಹಾಕೋಣ’ ಎಂದರೆ ಕೇಳಿಸುವುದು ಯಂತ್ರದ ಸೌಲಭ್ಯವಲ್ಲ, ಮುಂದೆ ಕಟ್ಟಬೇಕಾಗಬಹುದಾದ ಹಣ. ಆದ್ದರಿಂದ ಯಾವುದೇ ಹೊಸ ವ್ಯವಸ್ಥೆಗೂ ಮೊದಲು ಆಗಬೇಕಾದ ಕೆಲಸ ಕಾಗದದ್ದು: ನಷ್ಟದ ಮಿತಿಯನ್ನು ಗ್ರಂಥಾಲಯ ಸಮಿತಿಯಲ್ಲಿ ಮಂಡಿಸಿ, ಠರಾವು ಮಾಡಿಸಿ, ಪ್ರಾಂಶುಪಾಲರ ಸಹಿಯೊಂದಿಗೆ ಫೈಲಿನಲ್ಲಿ ಇಡುವುದು. ಈ ಒಂದು ಹಾಳೆ ಮಾಡುವ ಕೆಲಸವನ್ನು ಹತ್ತು ತರಬೇತಿ ಶಿಬಿರಗಳು ಮಾಡಲಾರವು.

ರೈತನ ಗುಂಟೆ, ಗ್ರಂಥಪಾಲಕರ ಗುಂಟೆ

ಹೊಸತು ಜನರಲ್ಲಿ ಹೇಗೆ ಹರಡುತ್ತದೆ ಎಂಬ ಅಧ್ಯಯನದ ಬೇರು ಮೆಕ್ಕೆಜೋಳದ ಹೊಲದಲ್ಲಿದೆ. ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳದ ಬೀಜ ಹೇಗೆ ಹಬ್ಬಿತೆಂದು ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ 1943ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಈ ಕ್ಷೇತ್ರದ ಬುನಾದಿ. ಅವರು ಮಾತಾಡಿಸಿದ 259 ರೈತರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ಹೊಸ ಬೀಜಕ್ಕೆ ಬಂದಿದ್ದರು. ಬಂದದ್ದು ಮಾತ್ರ ಒಂದೇ ಸಲಕ್ಕಲ್ಲ. ಮೊದಲ ವರ್ಷ ಹೊಲದ ಒಂದು ಮೂಲೆಯಲ್ಲಿ ಬಿತ್ತಿ ನೋಡಿದರು. ಅದು ಎದ್ದರೆ ಮುಂದಿನ ವರ್ಷ ಇನ್ನಷ್ಟು. ಪಕ್ಕದ ಹೊಲದವರು ಬೇಲಿಯಾಚೆಯಿಂದ ನೋಡುತ್ತಿದ್ದರು.

ಇದನ್ನೂ ಇಂಥ ಹಲವು ಅಧ್ಯಯನಗಳನ್ನೂ ಒಟ್ಟುಗೂಡಿಸಿ ಎವರೆಟ್ ರೋಜರ್ಸ್ 1962ರಲ್ಲಿ ಹೊಸತಿನ ಪ್ರಸರಣದ ಸಿದ್ಧಾಂತ ಕಟ್ಟಿದರು. ಜನ ಒಂದು ಹೊಸತನ್ನು ಒಪ್ಪುವುದು ಐದು ಗುಣಗಳನ್ನು ನೋಡಿ: ಹಳೆಯದಕ್ಕಿಂತ ಎಷ್ಟು ಲಾಭ, ಈಗಿನ ರೂಢಿಗೆ ಎಷ್ಟು ಹೊಂದುತ್ತದೆ, ಎಷ್ಟು ಜಟಿಲ, ಸಣ್ಣದಾಗಿ ಮಾಡಿ ನೋಡಬಹುದೇ, ಫಲ ಕಣ್ಣಿಗೆ ಕಾಣುತ್ತದೆಯೇ. ಗ್ರಂಥಾಲಯ ವಿಜ್ಞಾನದ ತರಗತಿಗಳಲ್ಲಿ ಇದಕ್ಕಿಂತ ಹೆಚ್ಚು ಓಡಾಡುವುದು ಅವರ ಇನ್ನೊಂದು ವಿಂಗಡಣೆ. ಮೊದಲಿಗೆ ಒಪ್ಪುವವರು ನೂರಕ್ಕೆ 2.5, ನಂತರದವರು 13.5, ಆಮೇಲಿನ ಎರಡು ಗುಂಪುಗಳು 34, 34, ಕೊನೆಗೆ ಉಳಿಯುವವರು 16. ಈ ಕೊನೆಯ ಗುಂಪಿಗೆ ‘ಹಿಂದುಳಿದವರು’ ಎಂಬ ಹಣೆಪಟ್ಟಿ ಅಂಟಿತು. ಈ ಅಂಕಿಗಳು ಗಂಟೆಯಾಕಾರದ ವಕ್ರರೇಖೆಯನ್ನು ಕತ್ತರಿಸಿದ ಭಾಗಗಳೇ ಹೊರತು ಯಾವುದೋ ಗ್ರಂಥಾಲಯದಲ್ಲಿ ಎಣಿಸಿ ಪಡೆದವಲ್ಲ. ನೂರು ಗ್ರಂಥಪಾಲಕರಲ್ಲಿ 16 ಮಂದಿ ಹುಟ್ಟಾ ವಿರೋಧಿಗಳು ಎಂದು ಇದರಿಂದ ಅರ್ಥ ಮಾಡುವಂತಿಲ್ಲ. ವ್ಯವಸ್ಥೆಯ ತಪ್ಪನ್ನು ವ್ಯಕ್ತಿಯ ತಲೆಗೆ ಕಟ್ಟುವ ಅಪಾಯ ಈ ಅಧ್ಯಯನಗಳಿಗಿದೆ ಎಂದು ರೋಜರ್ಸ್ ಅವರೇ ಎಚ್ಚರಿಸಿದ್ದರು. ಆ ಎಚ್ಚರಿಕೆ ತರಗತಿಗೆ ತಲುಪುವುದು ಕಡಿಮೆ.

ಅಯೋವಾದ ರೈತನ ಹೊಲ ಅವನದೇ. ಎಷ್ಟು ಗುಂಟೆಯಲ್ಲಿ ಬಿತ್ತಬೇಕೆಂದು ಅವನೇ ನಿರ್ಧರಿಸಿದ, ಬೆಳೆ ಬಂದರೆ ಅವನಿಗೇ ಲಾಭ. ಗ್ರಂಥಾಲಯದಲ್ಲಿ ನಿರ್ಧಾರ ಮೇಲಿನಿಂದ ಇಳಿಯುತ್ತದೆ, ದುಡಿಮೆ ಕೆಳಗೆ ಬೀಳುತ್ತದೆ, ಫಲ ಇನ್ನೆಲ್ಲೋ ಸೇರುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆಯಾದ ನ್ಯಾಕ್‌ನ ಮೌಲ್ಯಮಾಪನದಲ್ಲಿ ಗ್ರಂಥಾಲಯ ಗಣಕೀಕರಣವಾಗಿದೆಯೇ ಎಂಬ ಪ್ರಶ್ನೆ ಇದೆ. ತಂಡ ಬರಲು ಆರು ತಿಂಗಳಿದೆ ಎನ್ನುವಾಗ ತಂತ್ರಾಂಶ ಖರೀದಿಯಾಗಿ, ಹೊರಗಿನವರಿಂದ ತರಾತುರಿಯಲ್ಲಿ ಡೇಟಾ ಎಂಟ್ರಿ ಮಾಡಿಸಿ, ತಂಡ ಹೋದ ಮೇಲೆ ಸ್ಕ್ಯಾನರ್ ಡ್ರಾಯರ್ ಸೇರುವುದು ಹೀಗೆ.

ಫ್ರೆಡ್ ಡೇವಿಸ್ 1989ರಲ್ಲಿ ಮಂಡಿಸಿದ ತಂತ್ರಜ್ಞಾನ ಸ್ವೀಕಾರದ ಮಾದರಿ ಎರಡೇ ಅಂಶಗಳನ್ನು ಹಿಡಿಯುತ್ತದೆ: ಉಪಯುಕ್ತ ಅನಿಸುತ್ತದೆಯೇ, ಸುಲಭ ಅನಿಸುತ್ತದೆಯೇ. ಎರಡರಲ್ಲಿ ಉಪಯುಕ್ತತೆಯ ತೂಕವೇ ಹೆಚ್ಚು ಎಂದು ಅವರ ಪರೀಕ್ಷೆಗಳು ತೋರಿಸಿದವು. ಕೆಲಸಕ್ಕೆ ಬರುವುದಾದರೆ ಜನ ಕಷ್ಟಪಟ್ಟಾದರೂ ಕಲಿಯುತ್ತಾರೆ. ನಮ್ಮ ತರಬೇತಿಗಳಲ್ಲಿ ಹೆಚ್ಚಿನವು ‘ಇದು ತುಂಬಾ ಸುಲಭ’ ಎಂದು ನಂಬಿಸುವುದರಲ್ಲೇ ಮುಗಿಯುತ್ತವೆ. ಕೌಂಟರಿನಲ್ಲಿ ಕೂತವರಿಗೆ ಯಾವ ಕೆಲಸ ತಪ್ಪುತ್ತದೆ ಎಂದು ಹೇಳುವುದೇ ಇಲ್ಲ. ಸೆಮಿಸ್ಟರ್ ಕೊನೆಯಲ್ಲಿ ನೋ ಡ್ಯೂ (ಬಾಕಿ ಇಲ್ಲವೆಂಬ ಪತ್ರ) ಕೊಡಲು ಒಬ್ಬೊಬ್ಬ ವಿದ್ಯಾರ್ಥಿಯ ಕಾರ್ಡು ಹುಡುಕುವ ದಿನಗಳು ತಪ್ಪುತ್ತವೆ, ಒಂದು ಪುಸ್ತಕ ಯಾರ ಬಳಿ ಇದೆ ಎಂದು ಕ್ಷಣದಲ್ಲಿ ತಿಳಿಯುತ್ತದೆ, ಸ್ಟಾಕ್ ವೆರಿಫಿಕೇಶನ್ ಸ್ಕ್ಯಾನರ್ ಹಿಡಿದು ಮಾಡಬಹುದು. ಮೊದಲು ತೋರಿಸಬೇಕಾದದ್ದು ಇದನ್ನು.

ಗ್ರಂಥಾಲಯದಲ್ಲೂ ಒಂದು ‘ಗುಂಟೆ’ ಮಾಡಿಕೊಳ್ಳಲು ಸಾಧ್ಯ. ಎರವಲು ಹೋಗದ ಪರಾಮರ್ಶನ ವಿಭಾಗ ಅದಕ್ಕೆ ಹೇಳಿ ಮಾಡಿಸಿದ ಜಾಗ, ಅಲ್ಲಿ ತಪ್ಪಾದರೆ ಯಾರ ಹೆಸರಿಗೂ ಪುಸ್ತಕ ಬೀಳುವುದಿಲ್ಲ. ಮುಂದಿನ ಹಂತಕ್ಕೆ ಅಧ್ಯಾಪಕರ ಎರವಲು: ಜನ ಕಡಿಮೆ, ಗಲಾಟೆ ಕಡಿಮೆ. ವಿದ್ಯಾರ್ಥಿಗಳ ಕೌಂಟರ್ ಕೊನೆಗೆ. ಮಾರಾಟಗಾರರ ಪ್ರದರ್ಶನಕ್ಕಿಂತ ಅದೇ ತಂತ್ರಾಂಶ ಎರಡು ವರ್ಷದಿಂದ ನಡೆಯುತ್ತಿರುವ ಹತ್ತಿರದ ಕಾಲೇಜಿಗೆ ಅಟೆಂಡರ್ ಸಮೇತ ಹೋಗಿ ಅರ್ಧ ದಿನ ಅವರ ಕೌಂಟರಿನ ಹಿಂದೆ ಕೂತು ಬರುವುದು ಮೇಲು. ಬೇಲಿಯಾಚೆಯಿಂದ ಬೆಳೆ ನೋಡುವುದೆಂದರೆ ಇದೇ.

20,000 ಪುಸ್ತಕ ಎಂದರೆ ಎಷ್ಟು ದಿನ?

ಒಪ್ಪಿಗೆ ಬಹಳ ಕಡೆ ಮುರಿದು ಬೀಳುವುದು ಹಳೆಯ ಸಂಗ್ರಹವನ್ನು ಕಂಪ್ಯೂಟರಿಗೆ ಏರಿಸುವ ಹಂತದಲ್ಲಿ. ಕಾರಣ, ಲೆಕ್ಕ ಹಾಕದೆ ಹೊರಡುವುದು. ಹಾಕಿ ನೋಡೋಣ.

ಒಂದು ಕಾಲೇಜಿನಲ್ಲಿ 12,000 ಇಂಗ್ಲಿಷ್, 8,000 ಕನ್ನಡ ಪುಸ್ತಕಗಳಿವೆ ಎಂದುಕೊಳ್ಳಿ. ಇಂಗ್ಲಿಷ್ ಪುಸ್ತಕಕ್ಕೆ ಐಎಸ್‌ಬಿಎನ್ ಎಂಬ ಅಂತಾರಾಷ್ಟ್ರೀಯ ಗುರುತಿನ ಸಂಖ್ಯೆ ಇದ್ದರೆ, ಗ್ರಂಥಾಲಯದ ಕೆಲಸಕ್ಕೆಂದೇ ಇರುವ ಕೋಹಾದಂಥ ತಂತ್ರಾಂಶ ಝಡ್39.50 ಎಂಬ ಸಂಪರ್ಕ ವಿಧಾನದಿಂದ ದೊಡ್ಡ ಗ್ರಂಥಾಲಯಗಳ ಸಿದ್ಧ ದಾಖಲೆಯನ್ನು ಎಳೆದು ತರುತ್ತದೆ. ಪರಿಶೀಲಿಸಿ, ಗ್ರಂಥಾಲಯ ಪ್ರತಿ ಪುಸ್ತಕಕ್ಕೆ ಕೊಡುವ ಪರಿಗ್ರಹಣ (ಆಕ್ಸೆಷನ್) ಸಂಖ್ಯೆ ಸೇರಿಸಿ, ಬಾರ್‌ಕೋಡ್ ಚೀಟಿ ಅಂಟಿಸುವುದಕ್ಕೆ ಸರಾಸರಿ 3 ನಿಮಿಷ ಹಿಡಿಯೋಣ. ಹಳೆಯ ಕನ್ನಡ ಪುಸ್ತಕಗಳಲ್ಲಿ ಬಹಳಷ್ಟಕ್ಕೆ ಐಎಸ್‌ಬಿಎನ್ ಇಲ್ಲ, ಸಿದ್ಧ ದಾಖಲೆ ಸಿಕ್ಕರೂ ಅದು ಅಕ್ಷರಗಳ ಮೇಲೆ ಕೆಳಗೆ ಗೆರೆ, ಚುಕ್ಕೆ ಇಟ್ಟ ರೋಮನ್ ಲಿಪಿಯಲ್ಲಿರುತ್ತದೆ. ಎಲ್ಲ ಕೈಯಾರೆ ಟೈಪ್ ಮಾಡಬೇಕು. 8 ನಿಮಿಷ ಹಿಡಿಯೋಣ. ಇಂಗ್ಲಿಷಿಗೆ 600 ಗಂಟೆ, ಕನ್ನಡಕ್ಕೆ ಸುಮಾರು 1,067 ಗಂಟೆ, ಒಟ್ಟು 1,667. ಕೌಂಟರ್ ಕೆಲಸದ ನಡುವೆ ದಿನಕ್ಕೆ 4 ಗಂಟೆ ಸಿಕ್ಕರೆ 417 ದಿನ. ವರ್ಷಕ್ಕೆ 220 ಕೆಲಸದ ದಿನ ಎಂದರೆ ಒಬ್ಬರಿಗೆ ಹತ್ತಿರ ಹತ್ತಿರ ಎರಡು ವರ್ಷ. ‘ಮೂರು ತಿಂಗಳಲ್ಲಿ ಮುಗಿಸಿ’ ಎಂಬ ಆದೇಶಕ್ಕೆ ಗ್ರಂಥಪಾಲಕರು ತಲೆ ಅಲ್ಲಾಡಿಸಿದರೆ ಅವರು ಅಂಕಗಣಿತ ಬಲ್ಲವರು ಎಂದಷ್ಟೇ ತಿಳಿಯಬೇಕು.

ದಾರಿ ಇದೆ. ಪುಸ್ತಕದ ಒಳಗಿನ ಡೇಟ್ ಸ್ಲಿಪ್ ನೋಡಿ. ಕಳೆದ ಮೂರು ವರ್ಷದಲ್ಲಿ ಒಮ್ಮೆಯಾದರೂ ಮುದ್ರೆ ಬಿದ್ದ ಪುಸ್ತಕಗಳನ್ನು ಮಾತ್ರ ಬೇರ್ಪಡಿಸಿ. ಅವು 4,000 ಬಂದವು, ಸರಾಸರಿ 5 ನಿಮಿಷ ಹಿಡಿದವು ಎಂದರೆ 333 ಗಂಟೆ, ಅಂದರೆ 84 ದಿನ. ಒಂದು ಸೆಮಿಸ್ಟರಿನ ಅಳತೆಗೆ ಬಂತು. ಉಳಿದವು ಕಪಾಟಿನಲ್ಲೇ ಇರಲಿ, ಯಾರಾದರೂ ಕೇಳಿ ಕೌಂಟರಿಗೆ ತಂದ ದಿನ ಆ ಪುಸ್ತಕ ಕಂಪ್ಯೂಟರಿಗೆ ಏರಲಿ. ಗ್ರಂಥಾಲಯ ನಡೆಯುತ್ತಿರುವಾಗಲೇ ಸಂಗ್ರಹ ತಾನಾಗಿ ತುಂಬಿಕೊಳ್ಳುತ್ತದೆ.

ಟೈಪ್ ಮಾಡುವ ಮೊದಲು ಆಕ್ಸೆಷನ್ ರಿಜಿಸ್ಟರ್ ಶುದ್ಧಿಯಾಗಬೇಕು. ದಶಕಗಳ ಹಳೆಯ ರಿಜಿಸ್ಟರಿನಲ್ಲಿ ಒಂದೇ ಸಂಖ್ಯೆ ಎರಡು ಪುಸ್ತಕಕ್ಕೆ ಬಿದ್ದಿರುವುದು, ನಡುವೆ ಸಂಖ್ಯೆ ಹಾರಿರುವುದು, ದಾನದ ಪುಸ್ತಕಗಳಿಗೆ ಬೇರೆ ಸರಣಿ ಇರುವುದು ಸಾಮಾನ್ಯ. ಕೋಹಾದಲ್ಲಿ ಒಂದು ಬಾರ್‌ಕೋಡ್ ಒಂದೇ ಪ್ರತಿಗೆ; ಎರಡನೆಯದನ್ನು ಅದು ಒಪ್ಪುವುದಿಲ್ಲ. ಇನ್ನೊಂದು ತೊಂದರೆ ಎಕ್ಸೆಲ್‌ನದು. 00457 ಎಂದು ಹೊಡೆದರೆ ಅದು 457 ಮಾಡಿಬಿಡುತ್ತದೆ, 12/5 ಎಂಬ ಸಂಖ್ಯೆಯನ್ನು ದಿನಾಂಕವಾಗಿಸುತ್ತದೆ. ಚೀಟಿಯಲ್ಲಿ 00457, ದತ್ತಾಂಶದಲ್ಲಿ 457 ಇದ್ದರೆ ಸ್ಕ್ಯಾನರ್ ‘ಪುಸ್ತಕ ಇಲ್ಲ’ ಎನ್ನುತ್ತದೆ. ಹಾಳೆ ತೆರೆದ ಕೂಡಲೇ ಆ ಕಾಲಂ ಅನ್ನು ಟೆಕ್ಸ್ಟ್ ಎಂದು ಬದಲಿಸಿಕೊಂಡು ಆಮೇಲೆ ತುಂಬಿಸಬೇಕು. ತುಂಬಿಸಿ ಆದ ಮೇಲೆ ಬದಲಿಸಿದರೆ ಹೋದ ಸೊನ್ನೆ ಬರುವುದಿಲ್ಲ.

ಚೀಟಿಯ ವಿಷಯದಲ್ಲಿ ಒಂದೇ ಮಾತು: ಡೈರೆಕ್ಟ್ ಥರ್ಮಲ್ ಚೀಟಿ ಬೇಡ. ಅಂಗಡಿಯ ಬಿಲ್ಲಿನಂತೆ ಅದು ಬಿಸಿಲು, ಸೆಕೆಗೆ ಮಾಸುತ್ತದೆ. ರಿಬ್ಬನ್ ಬಳಸಿ ಮುದ್ರಿಸುವ ಥರ್ಮಲ್ ಟ್ರಾನ್ಸ್‌ಫರ್ ಚೀಟಿ ಬಾಳುತ್ತದೆ. ಒಂದು ಹೊರಗೆ, ಅದೇ ಸಂಖ್ಯೆಯ ಇನ್ನೊಂದು ಮುಖಪುಟದ ಒಳಹಾಳೆಯಲ್ಲಿ.

ಕನ್ನಡದ ತೊಡಕು

ಕನ್ನಡ ಸಂಗ್ರಹ ದೊಡ್ಡದಿರುವ ಗ್ರಂಥಾಲಯಗಳು ಗಣಕೀಕರಣದ ಬಗ್ಗೆ ಹಿಂದೆಗೆಯಲು ಬಲವಾದ ಕಾರಣವಿದೆ, ಅದರ ಬಗ್ಗೆ ಚರ್ಚೆ ಆಗಿರುವುದು ಸಾಲದು. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿ ಯುನಿಕೋಡ್ ರೂಢಿಗೆ ಬರುವ ಮುನ್ನ ‘ನುಡಿ’, ‘ಬರಹ’ ಮುಂತಾದ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬಹಳ ಕಡೆ ಡೇಟಾ ಎಂಟ್ರಿ ನಡೆಯಿತು. ಆ ಫಾಂಟ್‌ಗಳಲ್ಲಿ ಕನ್ನಡ ಅಕ್ಷರ ಪರದೆಯ ಮೇಲಿನ ಚಿತ್ರ ಮಾತ್ರ. ಒಳಗೆ ಉಳಿಯುತ್ತಿದ್ದದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಶೀರ್ಷಿಕೆ ಅರ್ಥವಿಲ್ಲದ ಗೀಚಾಗುತ್ತದೆ. ವರ್ಷಗಟ್ಟಲೆ ಟೈಪ್ ಮಾಡಿದ್ದು ತಂತ್ರಾಂಶ ಬದಲಾದ ದಿನ ಓದಲಾಗದಂತಾದರೆ, ಅದನ್ನು ಕಂಡವರು ಮುಂದಿನ ಹೊಸ ತಂತ್ರಾಂಶಕ್ಕೆ ‘ನೋಡೋಣ’ ಎನ್ನುವುದು ಸಹಜ. ಆ ದತ್ತಾಂಶ ಸತ್ತಿಲ್ಲ ಎಂದು ಮೊದಲು ಅವರಿಗೆ ತೋರಿಸಬೇಕು. ಪರಿವರ್ತಕಗಳಿಂದ ಅದನ್ನು ಯುನಿಕೋಡಿಗೆ ತರಬಹುದು. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ತಪ್ಪುತ್ತದೆ, ಆದ್ದರಿಂದ ನೂರು ದಾಖಲೆ ಪರಿವರ್ತಿಸಿ ಪುಸ್ತಕ ಕೈಯಲ್ಲಿ ಹಿಡಿದು ತಾಳೆ ನೋಡಿ, ಯಾವ ತಪ್ಪು ಮರುಕಳಿಸುತ್ತದೆ ಎಂದು ಪಟ್ಟಿ ಮಾಡಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕಬೇಕು.

ಯುನಿಕೋಡ್ ಬಂದ ಮೇಲೂ ಹುಡುಕಾಟ ಸೋಲುವ ಸಂದರ್ಭಗಳಿವೆ. ‘ರ‍್ಯಾಂಕ್’ ಎಂದು ರಕಾರಕ್ಕೆ ಯ ಒತ್ತು ಬರುವಂತೆ ಬರೆಯಲು ನಡುವೆ ಕಣ್ಣಿಗೆ ಕಾಣದ ಜೋಡಕವೊಂದನ್ನು ಹಾಕಬೇಕು. ಅದಿಲ್ಲದಿದ್ದರೆ ಅರ್ಕಾವತ್ತು ಬರುತ್ತದೆ. ಒಬ್ಬರು ಜೋಡಕ ಸಮೇತ ಟೈಪ್ ಮಾಡಿ, ಇನ್ನೊಬ್ಬರು ಇಲ್ಲದೆ ಹುಡುಕಿದರೆ ಎರಡೂ ಬೇರೆ ಪದಗಳಾಗಬಹುದು. ‘ೋ’ ಎಂಬ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿ ತುಂಡುಗಳಾಗಿಯೂ ಸಂಗ್ರಹಿಸಲು ಬರುತ್ತದೆ, ನೋಡಲು ವ್ಯತ್ಯಾಸವೇ ಇಲ್ಲ. ಆದ್ದರಿಂದ ಎಲ್ಲರೂ ಒಂದೇ ಕೀಲಿಮಣೆ ವಿನ್ಯಾಸ, ಒಂದೇ ಟೈಪಿಂಗ್ ಸಾಧನ ಬಳಸಬೇಕು. ಜೊತೆಗೆ ಕೋಹಾದ ಝೀಬ್ರಾ ಹುಡುಕು-ಸೂಚಿಯನ್ನು ಯುನಿಕೋಡ್ ಅಕ್ಷರಗಳನ್ನು ಸರಿಯಾಗಿ ಗುರುತಿಸುವ ಐಸಿಯು ಎಂಬ ವಿಧಾನಕ್ಕೆ ಹೊಂದಿಸಿ, ಸೂಚಿಯನ್ನು ಪೂರ್ತಿ ಮರುನಿರ್ಮಿಸಬೇಕು. ಇಷ್ಟು ಮಾಡದೆ ‘ಕೋಹಾದಲ್ಲಿ ಕನ್ನಡ ಸಿಗುವುದಿಲ್ಲ’ ಎಂದು ಕೈಬಿಡುವುದು ದುಡುಕು.

ಇನ್ನು ಹೆಸರುಗಳು. ಕುವೆಂಪು, ಕೆ.ವಿ. ಪುಟ್ಟಪ್ಪ ಒಬ್ಬರೇ, ದ.ರಾ. ಬೇಂದ್ರೆ, ಅಂಬಿಕಾತನಯದತ್ತ ಒಬ್ಬರೇ. ಶ್ರೀರಂಗ, ಆದ್ಯ ರಂಗಾಚಾರ್ಯ ಒಬ್ಬರೇ. ಇದು ಗ್ರಂಥಪಾಲಕರಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಹೆಸರುಗಳ ಅಧಿಕೃತ ಕಡತ ಮಾಡಿ ಒಂದು ರೂಪವನ್ನು ಮುಖ್ಯವಾಗಿ, ಉಳಿದವನ್ನು ‘ಇದನ್ನು ನೋಡಿ’ ಎಂಬಂತೆ ಜೋಡಿಸಬೇಕು. ವಿದ್ಯಾರ್ಥಿಗಳಲ್ಲಿ ಅನೇಕರು ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹುಡುಕುವುದರಿಂದ ಶೀರ್ಷಿಕೆಯ ರೋಮನ್ ರೂಪವನ್ನು ಮಾರ್ಕ್ (ಪುಸ್ತಕದ ವಿವರ ತುಂಬುವ ಗಣಕ ನಮೂನೆ) ದಾಖಲೆಯ 246ನೇ ಕ್ಷೇತ್ರದಲ್ಲಿ, ಚುಕ್ಕೆ-ಗೆರೆ ಇಲ್ಲದ ಸಾದಾ ಕಾಗುಣಿತದಲ್ಲಿ ಸೇರಿಸಿದರೆ ತುಂಬ ಅನುಕೂಲ. ಹಿರಿಯ ಗ್ರಂಥಪಾಲಕರ ತಿಳಿವಳಿಕೆಗೆ ಬೆಲೆ ಬರುವ ಜಾಗವೂ ಇದೇ. ಯಾವ ಲೇಖಕ ಯಾವ ಕಾವ್ಯನಾಮದಲ್ಲಿ ಬರೆದರು, ಓದುಗರು ಯಾವ ಹೆಸರಿನಿಂದ ಕೇಳುತ್ತಾರೆ ಎಂಬುದು ಅವರ ನೆನಪಿನಲ್ಲಿದೆ. ಅಧಿಕೃತ ಕಡತದ ಹೊಣೆಯನ್ನು ಅವರಿಗೇ ಒಪ್ಪಿಸಿದಲ್ಲಿ ಕಂಪ್ಯೂಟರ್ ಅವರ ಜಾಗ ಕಸಿಯುವ ವಸ್ತುವಾಗಿ ಉಳಿಯುವುದಿಲ್ಲ.

ಬದಲಾಯಿಸುವ ದಿನ

ಕಾರ್ಡು ಮತ್ತು ಕಂಪ್ಯೂಟರ್ ಎರಡನ್ನೂ ‘ಸ್ವಲ್ಪ ದಿನ’ ನಡೆಸುವುದು ಸುರಕ್ಷಿತ ಎನಿಸುತ್ತದೆ. ಆ ಸ್ವಲ್ಪ ದಿನಕ್ಕೆ ಕೊನೆಯ ತಾರೀಖು ಬರೆಯದಿದ್ದರೆ ಅದು ವರ್ಷಗಳಾಗುತ್ತದೆ. ಇಮ್ಮಡಿ ಕೆಲಸದಿಂದ ಸೋತ ಸಿಬ್ಬಂದಿ ಒಂದನ್ನು ಬಿಡುತ್ತಾರೆ, ಬಿಡುವುದು ಹೊಸದನ್ನು. ಆದ್ದರಿಂದ ಪರೀಕ್ಷೆ ಮುಗಿದು ಪುಸ್ತಕಗಳೆಲ್ಲ ವಾಪಸು ಬಂದ ರಜೆಯ ಕಾಲವನ್ನು ಆರಿಸಿ. ಹೊಸ ಸೆಮಿಸ್ಟರಿನ ಮೊದಲ ದಿನದಿಂದ ಕಂಪ್ಯೂಟರಿನಲ್ಲಿ ಮಾತ್ರ ಇಶ್ಯೂ. ಎರಡೂ ನಡೆಯಲೇಬೇಕಿದ್ದರೆ ಎರಡು ವಾರ, ಅದಕ್ಕಿಂತ ಹೆಚ್ಚಲ್ಲ.

ರಜಾದಿನಗಳ ಪಟ್ಟಿಯನ್ನು ತಂತ್ರಾಂಶದ ಕ್ಯಾಲೆಂಡರಿನಲ್ಲಿ ಮೊದಲೇ ತುಂಬಿ, ದಂಡ ಲೆಕ್ಕ ಹಾಕುವಾಗ ಅದನ್ನು ಬಿಡುವಂತೆ ಹೊಂದಿಸಿ. ಇದನ್ನು ಮರೆತರೆ ಭಾನುವಾರಕ್ಕೂ ದಸರಾ ರಜೆಗೂ ದಂಡ ಬೀಳುತ್ತದೆ, ವಿದ್ಯಾರ್ಥಿಗಳು ಕೌಂಟರಿನಲ್ಲಿ ಜಗಳಕ್ಕೆ ನಿಲ್ಲುತ್ತಾರೆ, ಉತ್ತರ ಕೊಡಬೇಕಾದ ಅಟೆಂಡರಿಗೆ ಕಂಪ್ಯೂಟರಿನ ಮೇಲಿನ ನಂಬಿಕೆಯೇ ಹೋಗುತ್ತದೆ. ಮೊದಲ ವಾರದಲ್ಲಿ ಹೋದ ನಂಬಿಕೆ ಮರಳಿ ಬರುವುದು ಕಷ್ಟ.

ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಇರಲಿ. ಗ್ರಂಥಪಾಲಕರ ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದರೆ ಅಲ್ಲಿ ನಡೆದ ಪ್ರತಿ ವ್ಯವಹಾರವೂ ಅವರ ಹೆಸರಿನಲ್ಲೇ ದಾಖಲಾಗುತ್ತದೆ. ಅಟೆಂಡರಿಗೆ ಕೊಡು-ಕೊಳ್ಳುವ ಅಧಿಕಾರ ಮಾತ್ರ ಸಾಕು. ದಂಡ ಮನ್ನಾ, ದಾಖಲೆ ಅಳಿಸುವುದು ಬೇಡ. ಯಾರು, ಯಾವಾಗ, ಯಾವ ಪುಸ್ತಕ ಕೊಟ್ಟರೆಂದು ವ್ಯವಹಾರದ ಲಾಗ್‌ನಲ್ಲಿ ಉಳಿಯುತ್ತದೆ ಎಂದು ತಿಳಿದಾಗಲೇ ರಿಜಿಸ್ಟರಿನ ಸಹಿಯ ಅಗತ್ಯ ಕರಗುವುದು. ಎರವಲಿನ ಸಂದೇಶ ವಿದ್ಯಾರ್ಥಿಯ ಇಮೇಲಿಗೆ ತಕ್ಷಣ ಹೋಗುವಂತೆ ಮಾಡಿದರೆ ‘ನಾನು ತೆಗೆದುಕೊಂಡೇ ಇಲ್ಲ’ ಎಂಬ ವಾದಕ್ಕೂ ಎಡೆಯಿಲ್ಲ.

ಕರೆಂಟು ಹೋದರೆ? ಕೌಂಟರಿಗೂ ಸರ್ವರಿಗೂ ಯುಪಿಎಸ್ ಬೇಕು. ಅದೂ ನಿಂತರೆ ಒಂದು ನೋಟ್‌ಬುಕ್ಕಿನಲ್ಲಿ ಸದಸ್ಯರ ಸಂಖ್ಯೆ, ಪುಸ್ತಕದ ಸಂಖ್ಯೆ, ವೇಳೆ, ಈ ಮೂರೇ ಬರೆದು, ಕರೆಂಟು ಬಂದ ಕೂಡಲೇ ಏರಿಸಬೇಕು. ಇದನ್ನು ಮುಂಚೆಯೇ ಒಂದು ದಿನ ಬೇಕೆಂದೇ ಕಂಪ್ಯೂಟರ್ ಆರಿಸಿ ಅಭ್ಯಾಸ ಮಾಡಿಸಿದರೆ ಗಾಬರಿ ಇರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಹೊಡೆತ ಬೀಳುವುದು ಬ್ಯಾಕಪ್ ಇಲ್ಲದೆ ಸರ್ವರ್ ಕೆಟ್ಟಾಗ. ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ಸಿದ್ಧ ಪೊಟ್ಟಣದಿಂದ ಅಳವಡಿಸಿದ ಕೋಹಾ ದಿನವೂ ತಾನೇ ಬ್ಯಾಕಪ್ ತೆಗೆಯುತ್ತದೆ. ಆದರೆ ಅದನ್ನು ಇಡುವುದು ಅದೇ ಸರ್ವರಿನ ಡಿಸ್ಕಿನಲ್ಲಿ, ಪೂರ್ವನಿಯೋಜಿತವಾಗಿ ಉಳಿಸಿಕೊಳ್ಳುವುದು ಎರಡು ದಿನದ್ದು. ಡಿಸ್ಕ್ ಸುಟ್ಟರೆ ದತ್ತಾಂಶದ ಜೊತೆ ಬ್ಯಾಕಪ್ಪೂ ಹೋಯಿತು. ದಿನದ ಪ್ರತಿ ಬೇರೆ ಯಂತ್ರಕ್ಕೆ, ವಾರದ ಪ್ರತಿ ಕಟ್ಟಡದ ಹೊರಗೆ ಹೋಗಬೇಕು. ತಿಂಗಳಿಗೊಮ್ಮೆ ಆ ಪ್ರತಿಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಪುನಃಸ್ಥಾಪಿಸಿ ತೆರೆಯುತ್ತದೆಯೇ ನೋಡಬೇಕು. ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ನಂಬಬೇಡಿ. ಒಮ್ಮೆ ಎಲ್ಲ ಕಳೆದುಕೊಂಡ ಗ್ರಂಥಾಲಯ ರಿಜಿಸ್ಟರಿಗೆ ಹಿಂತಿರುಗಿದರೆ ಮತ್ತೆ ಕಂಪ್ಯೂಟರಿನತ್ತ ಬರುವುದು ಬಹಳ ತಡ.

ತಂತ್ರಾಂಶ ಯಾವುದೆಂಬ ಪ್ರಶ್ನೆಗೆ ಇಲ್ಲಿ ಕೊಟ್ಟಿರುವ ಜಾಗ ಕಡಿಮೆ, ಬೇಕೆಂದೇ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಸೋಲ್, ರಾಷ್ಟ್ರೀಯ ಮಾಹಿತಿ ಕೇಂದ್ರದ ಇ-ಗ್ರಂಥಾಲಯ, ಕೋಹಾ, ಮೂರರಲ್ಲೂ ಸಾಧಾರಣ ಕಾಲೇಜಿನ ಕೆಲಸ ನಡೆಯುತ್ತದೆ. ಕೋಹಾ ಹುಟ್ಟಿದ ಬಗೆ ಮಾತ್ರ ಇಲ್ಲಿ ಹೇಳಬೇಕಾದದ್ದು. ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಜಿಲ್ಲೆಯ ಗ್ರಂಥಾಲಯಗಳ ಹಳೆಯ ತಂತ್ರಾಂಶ 2000ನೇ ಇಸವಿಯ ದಿನಾಂಕವನ್ನು ತಾಳುವ ಹಾಗಿರಲಿಲ್ಲ. 1999ರಲ್ಲಿ ಅವರು ಹೊಸದನ್ನು ಬರೆಸಿದರು, 2000ದ ಜನವರಿಯಲ್ಲಿ ಬಳಕೆಗೆ ತಂದರು, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟರು. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಉಡುಗೊರೆ. ಸಣ್ಣ ಊರುಗಳ ಆ ಗ್ರಂಥಾಲಯ ಹೊಸತಿಗೆ ಕೈ ಹಾಕಿದ್ದು ಅದರ ಮುಂದಿದ್ದ ತೊಂದರೆ ಅದರದೇ ಆಗಿದ್ದರಿಂದ, ಪರಿಹಾರ ಹೇಗಿರಬೇಕೆಂದು ಹೇಳುವ ಹಕ್ಕೂ ಅದಕ್ಕೇ ಇದ್ದುದರಿಂದ.

ಇದನ್ನು ಕರ್ನಾಟಕದ ಗ್ರಾಮ ಪಂಚಾಯತಿ ಗ್ರಂಥಾಲಯಗಳ ಪಕ್ಕದಲ್ಲಿಟ್ಟು ನೋಡಬೇಕು. ಐದೂವರೆ ಸಾವಿರಕ್ಕೂ ಹೆಚ್ಚಿರುವ ಇವು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದು, ಈಗ ಅರಿವು ಕೇಂದ್ರಗಳೆನಿಸಿಕೊಂಡಿವೆ. ಅನೇಕ ಕಡೆ ಕಂಪ್ಯೂಟರ್, ಇಂಟರ್ನೆಟ್, ಮಕ್ಕಳ ಚಟುವಟಿಕೆಗಳು ಬಂದಿವೆ. ನಡೆಸುವವರು ಒಬ್ಬರೇ ಮೇಲ್ವಿಚಾರಕರು. ಬಾಗಿಲು ತೆಗೆಯುವುದು, ಪತ್ರಿಕೆ ಜೋಡಿಸುವುದು, ಪುಸ್ತಕ ಕೊಡುವುದು, ಮಕ್ಕಳಿಗೆ ಕಂಪ್ಯೂಟರ್ ತೋರಿಸುವುದು ಎಲ್ಲ ಅವರದೇ. ಅಲ್ಲಿಗೆ ಇನ್ನೊಂದು ಆ್ಯಪ್ ಕಳಿಸುವ ಮುನ್ನ ಕೇಳಬೇಕಾದದ್ದು, ಅದು ಬಂದರೆ ಅವರು ಯಾವ ರಿಜಿಸ್ಟರ್ ಬರೆಯುವುದನ್ನು ಬಿಡಬಹುದು ಎಂದು. ‘ಯಾವುದನ್ನೂ ಬಿಡುವ ಹಾಗಿಲ್ಲ’ ಎಂಬುದು ಉತ್ತರವಾದರೆ ಆ ಆ್ಯಪ್ ಅವರ ಪಾಲಿಗೆ ಇನ್ನೊಂದು ರಿಜಿಸ್ಟರ್.

ಒಲವನ್ನು ಅಳೆಯುವುದು ಹೇಗೆ

ಪ್ರಶ್ನಾವಳಿಯಲ್ಲಿ ‘ಹೊಸ ತಂತ್ರಜ್ಞಾನ ಅಳವಡಿಸಿಕೊಳ್ಳಲು ನಾನು ಸಿದ್ಧ’ ಎಂದು ಬರೆದು ಐದು ಚೌಕ ಕೊಟ್ಟರೆ ಹೆಚ್ಚಿನವರು ‘ಒಪ್ಪುತ್ತೇನೆ’ಗೇ ಗುರುತು ಹಾಕುತ್ತಾರೆ. ಸಿದ್ಧನಿಲ್ಲ ಎಂದು ಸ್ವಂತ ಕೈಯಲ್ಲಿ ಬರೆದುಕೊಡುವವರು ಎಷ್ಟು ಜನ ಇದ್ದಾರು? ಅದರ ಸರಾಸರಿ ತೆಗೆದು ಗ್ರಂಥಪಾಲಕರ ಮನೋಭಾವ ಸಕಾರಾತ್ಮಕವಾಗಿದೆ ಎಂದು ಬರೆದರೆ ಯಾರಿಗೂ ಪ್ರಯೋಜನವಿಲ್ಲ.

ಕೆಲಸವನ್ನು ನೋಡಿ ಅಳೆಯಬಹುದು. ಕಳೆದ ತಿಂಗಳ ಎರವಲುಗಳಲ್ಲಿ ಎಷ್ಟು ಸ್ಕ್ಯಾನರಿನಿಂದ ಆದವು, ಎಷ್ಟು ಕೈಬರಹದಲ್ಲಿ ಉಳಿದವು? ಗ್ರಂಥಪಾಲಕರು ರಜೆ ಹಾಕಿದ ದಿನ ಕಂಪ್ಯೂಟರಿನಲ್ಲಿ ಇಶ್ಯೂ ನಡೆಯಿತೇ, ನಿಂತಿತೇ? ಕಳೆದ ವರ್ಷ ವ್ಯವಸ್ಥೆಯಲ್ಲಿ ಅವರೇ ಮಾಡಿಕೊಂಡ ಒಂದು ಬದಲಾವಣೆ ಯಾವುದು? ಈ ಕೊನೆಯದು ಮುಖ್ಯ. ಹೊಸತನ್ನು ತಮ್ಮ ಕೆಲಸಕ್ಕೆ ತಕ್ಕಂತೆ ತಿದ್ದಿಕೊಂಡವರು ಅದನ್ನು ಕೈಬಿಡುವುದು ಅಪರೂಪ. ನೋ ಡ್ಯೂ ಪಟ್ಟಿಯನ್ನು ವಿಭಾಗವಾರು ತೆಗೆಯುವ ಒಂದು ವರದಿಯನ್ನು ಸ್ವತಃ ಸಿದ್ಧಪಡಿಸಿಕೊಂಡವರನ್ನು ಒಪ್ಪಿಸಬೇಕಾದ ಅಗತ್ಯ ಬೀಳುವುದಿಲ್ಲ.

ಬೇಡ ಎನ್ನುವುದೂ ಕೆಲವು ಸಲ ಸರಿಯಾದ ತೀರ್ಮಾನವೇ. ದಿನಕ್ಕೆ ಐವತ್ತು ಎರವಲು ನಡೆಯುವ, ಬಾರ್‌ಕೋಡ್ ಚೆನ್ನಾಗಿ ಓಡುತ್ತಿರುವ ಗ್ರಂಥಾಲಯಕ್ಕೆ, ಪುಸ್ತಕಕ್ಕೆ ಅಂಟಿಸಿದ ಟ್ಯಾಗನ್ನು ರೇಡಿಯೋ ಅಲೆಯಿಂದ ಓದುವ ಆರ್‌ಎಫ್‌ಐಡಿ ದುಬಾರಿ ಅಲಂಕಾರ. ಕಬ್ಬಿಣದ ಕಪಾಟು, ಲೋಹದ ಹಾಳೆ ಹೊದಿಸಿದ ರಟ್ಟು ಅದರ 13.56 ಮೆಗಾಹರ್ಟ್ಸ್ ಅಲೆಗೆ ಅಡ್ಡಿ ಮಾಡುತ್ತವೆ, ತೆಳು ಪುಸ್ತಕಗಳ ಟ್ಯಾಗ್‌ಗಳು ಒಂದರ ಮೇಲೊಂದು ಬಂದರೆ ಓದಿಸಿಕೊಳ್ಳುವುದಿಲ್ಲ. ಕೃತಕ ಬುದ್ಧಿಮತ್ತೆಯಿಂದ ವರ್ಗೀಕರಣ ಸಂಖ್ಯೆ ಕೇಳಿದರೆ ಇಲ್ಲದ ಸಂಖ್ಯೆಯನ್ನೂ ಅದು ಧೈರ್ಯವಾಗಿ ಕೊಡಬಲ್ಲದು. ಕೊಟ್ಟದ್ದನ್ನು ಕೋಷ್ಟಕದಲ್ಲಿ ತಾಳೆ ನೋಡದೆ ಪುಸ್ತಕದ ಬೆನ್ನಿಗೆ ಅಂಟಿಸುವುದಿಲ್ಲ ಎನ್ನುವವರು ತಮ್ಮ ಕೆಲಸವನ್ನು ಬಲ್ಲವರು.

ಹಳೆಯ ರಿಜಿಸ್ಟರ್ ನಿಲ್ಲಿಸುವ ದಿನ ಪ್ರಾಂಶುಪಾಲರು ಕೌಂಟರಿಗೆ ಬಂದು ಮಾಡಬೇಕಾದದ್ದು ಎರಡೇ ಕೆಲಸ. ಹಳೆಯ ಇಶ್ಯೂ ರಿಜಿಸ್ಟರಿನ ಕೊನೆಯ ನಮೂದಿನ ಕೆಳಗೆ ಅಡ್ಡಗೆರೆ ಎಳೆದು, ‘ಈ ದಿನಾಂಕದಿಂದ ಗಣಕ ದಾಖಲೆಯೇ ಅಧಿಕೃತ’ ಎಂದು ಬರೆದು ತಮ್ಮ ಸಹಿ, ಮೊಹರು ಹಾಕುವುದು. ಆ ಪುಟದ ನಕಲೊಂದನ್ನು ಗ್ರಂಥಪಾಲಕರ ಕೈಗೆ ಕೊಡುವುದು.